ಅತ್ತಿಗೆ ಹೊತ್ತೊಯ್ದ ಗಂಟೆ

ನಮ್ಮನೆಯವರು ಬೀಳುವ ಹಿಂದಿನ ದಿನ, ಭಾನುವಾರ, ನಾವೆಲ್ಲ ಹೊಟ್ಟೆ ತುಂಬ ನಕ್ಕಿದ್ದೆವು. ನಗಿಸಿದ್ದು ಅವರ ಅಕ್ಕನ ವಾಕರ್.

ಭದ್ರಾವತಿಯ ಜನ್ನಾಪುರದಲ್ಲಿರುವ ಅತ್ತಿಗೆಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಆಗಿನ್ನೂ ಮೂರು ವಾರ. ಅಷ್ಟರಲ್ಲೇ ವಾಕರ್ ಹಿಡಿದು ಅಡುಗೆಮನೆ ಸೇರಿದ್ದರು. (ಸೊಸೆ ಸಾರಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದಳು. ಫಿಸಿಯೋಥೆರಪಿಗಿಂತ ಬೆಲ್ಲವೇ ಕೆಲಸ ಮಾಡಿತೆಂದು ನನ್ನ ನಂಬಿಕೆ.)

"ಅಕ್ಕಾ, ಇದಕ್ಕೊಂದು ಹಾರ್ನ್ ಹಾಕಿಸಿಕೊಡ್ಲಾ?" ಎಂದರು ಇವರು.

"ನೀನು ಬಿದ್ದಾಗ ಕೇಳ್ತೀನಿ ಮಾರಾಯ" ಎಂದರು ಅತ್ತಿಗೆ.

ಮರುದಿನವೇ ವಿನೋಬನಗರದ ನಮ್ಮ ಬಚ್ಚಲಲ್ಲಿ ಇವರು ಜಾರಿಬಿದ್ದರು. ಅದೇ ಮೂಳೆ, ಅದೇ ಆಪರೇಷನ್. ಈ ಮೂಳೆ ಹೆಚ್ಚಾಗಿ ಮುರಿಯುವುದು ಹೆಂಗಸರಿಗೆ, ಆದರೆ ಮುರಿದ ಮೇಲೆ ಅಪಾಯ ಜಾಸ್ತಿ ಗಂಡಸರಿಗೆ ಎಂದರು ಡಾಕ್ಟರು. ದಿನಾ ನಡೆಸಿ, ಮಲಗಲು ಬಿಡಬೇಡಿ ಎಂದೂ ಹೇಳಿದರು.

ನಾನೇನು ಮಾಡಿದೆ? ದೇವರ ಕೋಣೆಯ ಗಂಟೆ ತಂದು ಅವರ ದಿಂಬಿನ ಪಕ್ಕ ಇಟ್ಟೆ. ಒಂದು ಸಲ ಬಾರಿಸಿದರೆ ಕಾಫಿ, ಎರಡು ಸಲಕ್ಕೆ ಪೇಪರ್. ನಮ್ಮನೆ ದೇವರಿಗೂ ಇಷ್ಟು ಬೇಗ ನೈವೇದ್ಯ ಸಿಕ್ಕಿದ್ದಿಲ್ಲ. ಫಿಸಿಯೋಥೆರಪಿಯವಳು ಬಂದರೆ, ಇವತ್ತು ನೋವಂತೆ, ನಾಳೆ ಬಾರಮ್ಮ ಎಂದು ಬಾಗಿಲಲ್ಲೇ ಕಳಿಸುತ್ತಿದ್ದವಳೂ ನಾನೇ.

ಹೆಂಗಸು ಮಲಗಿದರೆ ಮನೆಯವರೆಲ್ಲ ಯಾವಾಗ ಏಳುತ್ತಾಳೋ ಎಂದು ಕಾಯುತ್ತಾರೆ. ಗಂಡಸು ಮಲಗಿದರೆ ಪಾಪ, ಮಲಗಲಿ ಎನ್ನುತ್ತಾರೆ. ಇದರಲ್ಲಿ ಯಾವುದು ಪ್ರೀತಿ, ನೀವೇ ಹೇಳಿ. ಆಗ ನನಗೆ ಸಂಶಯವೇ ಇರಲಿಲ್ಲ.

ಇವರು ಹಾಸಿಗೆ ಬಿಟ್ಟು ಏಳುತ್ತಿಲ್ಲವೆಂಬ ಸುದ್ದಿ ತಿಳಿದು ಅತ್ತಿಗೆ ಆಟೋದಲ್ಲಿ ವಾಕರ್ ಹೇರಿಕೊಂಡು ಬಂದರು. ಬಂದವರೇ ಗಂಟೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಕಾಫಿ ಆಚೆ ಟೇಬಲ್ ಮೇಲಿದೆ. ಬೇಕಾದ್ರೆ ಎದ್ದು ಬಾ."

ಇವರು ತುಂಬ ಹೊತ್ತು ಮುಖ ಊದಿಸಿಕೊಂಡಿದ್ದರು. ಆಮೇಲೆ, ಆಣೆ ಮಾಡಿ ಹೇಳುತ್ತೇನೆ, ವಾಕರ್ ಹಿಡಿದು ಹನ್ನೊಂದು ಹೆಜ್ಜೆ ನಡೆದು ಬಂದು ಆರಿಹೋದ ಕಾಫಿ ಕುಡಿದರು.

ಹೊರಡುವಾಗ ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, "ಇವನನ್ನ ಉಳಿಸ್ಕೋಬೇಕು ಅಂದ್ರೆ ಸ್ವಲ್ಪ ಕೆಟ್ಟವಳಾಗು" ಎಂದರು.

ನನ್ನಿಂದ ಆಗಲಿಲ್ಲ. ಮರುದಿನವೇ ಇವರ ಸಪ್ಪೆ ಮುಖ ನೋಡಲಾರದೆ ಸ್ಟೀಲ್ ಲೋಟ, ಚಮಚ ತಂದುಕೊಟ್ಟೆ. ಬಡಿದರೆ ಗಂಟೆಗಿಂತ ಜೋರು.

ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿತು. ಎರಡನೇ ತಿಂಗಳಲ್ಲಿ ಹೋಗಿಬಿಟ್ಟರು. ನನ್ನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ಅತ್ತಿಗೆಯೂ ಹೇಳಲಿಲ್ಲ. (ಜೀವಮಾನದಲ್ಲಿ ಅವರು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ವಿಷಯಕ್ಕೆ.)

ಹದಿಮೂರನೇ ದಿನ ಗಂಟೆ ವಾಪಸು ತಂದುಕೊಟ್ಟರು. ಅದೀಗ ದೇವರ ಕೋಣೆಯಲ್ಲಿದೆ. ಲೋಟ, ಚಮಚ ಅಡುಗೆಮನೆಯಲ್ಲಿವೆ.

ಬೆಳಿಗ್ಗೆ ಕಾಫಿ ಕೇಳುವವರು ಇಲ್ಲ.