ನಲವತ್ತೊಂದನೇ ಕಂಬ

ಪತ್ರಿಕೆಯ ಎರಡು ಪಿನ್ನುಗಳಲ್ಲಿ ಮೇಲಿನದಕ್ಕೆ ಮಾತ್ರ ತುಕ್ಕು ಹಿಡಿದಿತ್ತು. ಕಾಗದ ಹಾಗೇ ಇತ್ತು, ದಪ್ಪಗೆ, ಸ್ವಲ್ಪ ಒರಟಾಗಿ. ಮೂಗಿನ ಹತ್ತಿರ ತಂದಾಗ ಶಾಯಿಯ ಹಳೆಯ ವಾಸನೆ ಬಂತು. ಅದರ ಹಿಂದೆಯೇ ಕಡೂರಿನ ನಮ್ಮ ಮನೆಯ ಮಹಡಿ ಮೆಟ್ಟಿಲು...

ಅದನ್ನು ತಂದುಕೊಟ್ಟವರು ಆ ಮಹಡಿಯಲ್ಲಿ ಬಾಡಿಗೆಗಿದ್ದ ಅಕ್ಕನ ಅಪ್ಪ. ಅಕ್ಕ ಹೋದ ವರ್ಷ ತೀರಿಕೊಂಡಳು. ಅವರೀಗ ತರೀಕೆರೆಯಲ್ಲಿ ಮಗನ ಜೊತೆ ಇದ್ದಾರೆ. ಶನಿವಾರ, ನಾನು ಪಾಠ ಮಾಡುವ ಅಜ್ಜಂಪುರದ ಕಾಲೇಜಿನವರೆಗೆ ಬಸ್ಸಿನಲ್ಲಿ ಬಂದು, ಟವೆಲಿನಲ್ಲಿ ಸುತ್ತಿದ್ದ ಆ ಒಂದು ಸಂಚಿಕೆಯನ್ನು ನನ್ನ ಕೈಗಿಟ್ಟರು.

"ಬಾಕಿವೆಲ್ಲ ಬೀರುವಿನಾಗೆ ಜೋಡಿಸಿಟ್ಟಿದ್ಲು. ಇದೊಂದು ಸೀರೆ ಅಡಿಗಿತ್ತು. ಇದರಾಗೆ ಅವಳ ಹೆಸರೈತಂತೆ ಕಣವ್ವ. ನೋಡಿಲ್ಲಿ, ನನ್ನ ಕುರ್ಚಿನೂ ಬರ್ದವ್ರೆ. ಓದಿ ಹೇಳು. ನೀನೇ ಅಲ್ವ ಅವಳಿಗೆ ಓದಿ ಹೇಳ್ತಿದ್ದವಳು?"

ಪುಟ ತೆರೆದು ಮೊದಲ ಸಾಲು ಓದಿದೆ. "ನಾಳೆ ಬೆಳಿಗ್ಗೆ ನಾನೇ ಬರ್ತೀನಿ ತಾತ," ಎಂದಷ್ಟೇ ಹೇಳಲು ಆಯಿತು.

ಅಕ್ಕ ಓಟಗಾರ್ತಿ. ಓಟದಿಂದಲೇ ರೈಲ್ವೆ ಕೆಲಸ ಸಿಕ್ಕಿ, ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ನಾನು ಡಿಗ್ರಿ ಓದುತ್ತಿದ್ದಾಗ ನನ್ನನ್ನೂ ಓಡಲು ಹೊರಡಿಸಿದಳು. ಬೀರೂರು ರಸ್ತೆಯಲ್ಲಿ ಲೈಟ್ ಕಂಬಗಳನ್ನು ಎಣಿಸುತ್ತಾ ಓಡುತ್ತಿದ್ದೆವು. ನಾನು ಹಿಂದುಳಿದರೆ, "ಲೇ, ಹಾಲಿನೋನು ಸೈಕಲ್ ತಳ್ಕೊಂಡೇ ನಿನ್ನ ದಾಟಿಬಿಟ್ಟ ಕಣೇ," ಎಂದು ನಗುತ್ತಿದ್ದಳು.

ಆ ಇಂಗ್ಲಿಷ್ ಪತ್ರಿಕೆ ಅವಳಿಗೆ ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತಿತ್ತು. ಓಟದ ಪತ್ರಿಕೆಯಾದರೂ ಅದರಲ್ಲಿ ಒಂದೂ ಫೋಟೊ ಇರುತ್ತಿರಲಿಲ್ಲ. ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳು. ಒದ್ದೆ ಕಲ್ಲಿನ ಮೇಲೆ ಆರುತ್ತಿರುವ ಹೆಜ್ಜೆ, ಲೇಸು ಕಟ್ಟಿಕೊಳ್ಳುತ್ತಿರುವ ಮುದುಕಿಯ ಬೆರಳುಗಳು, ಎಲ್ಲರೂ ಮನೆಗೆ ಹೋದ ಮೇಲೆ ಉಳಿದ ಮೈದಾನ. ಗೆದ್ದವರು ಅದರಲ್ಲಿ ಕಾಣಿಸುತ್ತಲೇ ಇರಲಿಲ್ಲ. ಅದಕ್ಕೇ ಇರಬೇಕು, ಎಲ್ಲೂ ಗೆಲ್ಲದ ನನಗೆ ಅದು ಅಷ್ಟು ಹಿಡಿಸಿದ್ದು. ಓಡಿ ಬಂದು, ಕೈ ತೊಳೆದು ಒರೆಸಿಕೊಂಡ ಮೇಲೆಯೇ ಅದನ್ನು ಮುಟ್ಟಬೇಕು ಎಂಬುದು ಅಕ್ಕನ ನಿಯಮ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ಚಿತ್ರದ ಮೇಲಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು. ಅವಳ ಅಪ್ಪ ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ದಿನಪತ್ರಿಕೆ ಓದುತ್ತಿದ್ದರು.

"ನಂಗೆ ಓಡಕ್ಕೆ ಬತ್ತದೆ, ಹೇಳಕ್ಕೆ ಬರಲ್ಲ," ಎಂದಳು ಒಮ್ಮೆ. "ಓಡೋವಾಗ ನಿಂಗೇನನ್ಸುತ್ತೆ ಅಂತ ಬರ್ಕೊಡೇ. ಯಾರಿಗೂ ತೋರ್ಸಲ್ಲ."

ನನ್ನ ಅಪ್ಪ ಹೋಗಿ ಆಗ ಆರು ತಿಂಗಳು. ನಾನು ಯಾರ ಮುಂದೆಯೂ ಅತ್ತಿರಲಿಲ್ಲ. ನಲವತ್ತೊಂದನೇ ಕಂಬ ದಾಟಿದ ಮೇಲೆ ಬೆವರಿನ ಜೊತೆ ಅತ್ತರೆ ಪಕ್ಕದಲ್ಲಿ ಓಡುವವರಿಗೂ ಗೊತ್ತಾಗುವುದಿಲ್ಲ ಎಂದು ಬರೆದೆ. ಅದರ ಕೆಳಗೆ ಅಪ್ಪ ಸತ್ತದ್ದನ್ನೂ ಬರೆದೆ. ಮನೆಯವರ ಕೈಗೆ ಸಿಕ್ಕರೂ ಓದಲಾಗದಿರಲಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಬೀಗವೆಂದುಕೊಂಡು ನಾನು ಹಾಕಿದ್ದು ಅವಳಿಗೆ ಕೆಲಸ ಹಗುರ ಮಾಡಿತು, ಅಷ್ಟೆ.

ಮುಂದಿನ ಸಂಚಿಕೆ ಬರಲಿಲ್ಲ. ಬರಲಿಲ್ಲ ಎಂದು ಅಕ್ಕ ಹೇಳಿದಳು. ನಾನು ದಿನವೂ ಕೇಳುತ್ತಿದ್ದೆ. ಕೊನೆಗೆ ಒಂದು ದಿನ ನನ್ನ ಜೊತೆ ಅಂಚೆ ಕಚೇರಿಗೆ ಬಂದು, "ಪೇಪರ್ ಕಳ್ದಾಕ್ತೀರಲ್ಲ, ಜವಾಬ್ದಾರಿ ಬ್ಯಾಡ್ವೇನ್ರೀ?" ಎಂದು ಪೋಸ್ಟ್‌ಮ್ಯಾನ್‌ನನ್ನು ಗದರಿದಳು. ಆತ ತಲೆ ತಗ್ಗಿಸಿ ಮತ್ತೊಮ್ಮೆ ಚೀಲ ಹುಡುಕಿದ. ಅಕ್ಕ ನನ್ನ ಹೆಗಲ ಮೇಲೆ ಕೈ ಹಾಕಿ ಮನೆಗೆ ಕರೆತಂದಳು... ಆಮೇಲೆ ಅವಳಿಗೆ ವರ್ಗವಾಯಿತು. ಎಷ್ಟೋ ವರ್ಷ ನಾನು ಅವಳನ್ನು ಪ್ರೀತಿಯಿಂದಲೇ ನೆನೆದೆ.

ಬಾರದ ಆ ಸಂಚಿಕೆಯೇ ಶನಿವಾರ ಸಂಜೆ ನನ್ನ ಕೋಣೆಯಲ್ಲಿತ್ತು. ನನ್ನ ಮಾತುಗಳು ಒಂದೂ ಬದಲಾಗಿರಲಿಲ್ಲ. ಕೆಳಗೆ ಅಕ್ಕನ ಹೆಸರಿತ್ತು. ಚಿತ್ರದಲ್ಲಿ ರಸ್ತೆ, ದೂರ ಹೋಗುತ್ತಾ ಸಣ್ಣಗಾಗುವ ಕಂಬಗಳು, ಉದ್ದ ಜಡೆಯ ಹುಡುಗಿ. ಅಕ್ಕನದು ಯಾವಾಗಲೂ ಕತ್ತರಿಸಿದ ಕೂದಲು; ಜಡೆ ನನ್ನದು. ಪುಟದ ಅಂಚಿನಲ್ಲಿ, ಸತ್ತ ಅಪ್ಪನಿಗಾಗಿ, ಒಂದು ಖಾಲಿ ಬೆತ್ತದ ಕುರ್ಚಿ. ಅಷ್ಟು ಚೆಂದದ ಚಿತ್ರ ಆ ಪತ್ರಿಕೆಯಲ್ಲಿ ನಾನು ಬೇರೆ ನೋಡಿಲ್ಲ. ಸಿಟ್ಟಿನಲ್ಲಿ ಹರಿಯಲೂ ಆಗಲಿಲ್ಲ. ಕದ್ದದ್ದನ್ನು ಹೇಗೋ ಸಹಿಸಬಹುದೇನೋ. ಹೆಗಲ ಮೇಲಿದ್ದ ಆ ಕೈಯನ್ನು ಏನು ಮಾಡಲಿ? ಕೇಳೋಣವೆಂದರೆ ಅವಳೇ ಇಲ್ಲ. ಬದುಕಿರುವ ತನ್ನಪ್ಪನನ್ನು ಅಚ್ಚಿನಲ್ಲಿ ಸಾಯಿಸಿ, ಆ ಪುಟವನ್ನು ಸೀರೆಯ ಅಡಿಗಿಟ್ಟು ಹೋಗಿದ್ದಾಳೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತರೀಕೆರೆಗೆ ಹೋದೆ. ತಾತ ಆಗಲೇ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಕುಳಿತಿದ್ದರು. ನಾನೂ ಕೈ ತೊಳೆದುಕೊಂಡೆ. ಮೊದಲಿನ ಹಾಗೆಯೇ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ.

"ಕುರ್ಚಿ ಐತೆ, ನಾನೇ ಇಲ್ವಲ್ಲವ್ವ?"

"ನೀವು ಹಾಲು ತರೋಕೆ ಹೋಗಿದೀರಿ ತಾತ."

"ದಿಟ. ದಿನಾ ನಾನೇ ತರ್ತಿದ್ದೆ," ಎಂದು ನಕ್ಕರು. ಚಿತ್ರದ ಮೇಲೆ ಬೆರಳಾಡಿಸಿ, "ಎಷ್ಟು ಚೆನ್ನಾಗಿ ಬರ್ದವಳೆ ನನ್ ಮಗಳು," ಎಂದರು.

ನಾನು ನಲವತ್ತೊಂದನೇ ಕಂಬದವರೆಗೆ ಓದಿದೆ. ಅದರ ಕೆಳಗೆ ಇನ್ನೂ ಹನ್ನೊಂದು ಸಾಲುಗಳಿದ್ದವು. "ಇಷ್ಟೇ ತಾತ," ಎಂದು ಪತ್ರಿಕೆ ಮುಚ್ಚಿದೆ.