ಎದುರಿಗೇ ಬಂದು ನಿಲ್ಲುವ ಮಾಸ್ತರು

ಪಾರ್ಕ್‌ಲ್ಯಾಂಡ್ಸಿನ ಫ್ಲಾಟಿನಲ್ಲಿ ದಿನಾ ಬೆಳಗಿನ ಐದೂವರೆಗೆ "ಭೋಂಗಾ ಆತು, ಏಳ್ರಿ!" ಎಂದು ಅರಚಿ ಮೇಲಿನ ಮಹಡಿಯವರನ್ನೂ ಎಬ್ಬಿಸುವ ಗಂಡನೊಂದಿಗೆ ಏಗಿ ವಸುಂಧರಾಗೆ ಸಾಕುಸಾಕಾಗಿತ್ತು. ನೈರೋಬಿಯಲ್ಲಿ ಯಾವ ಗಿರಣಿಯ ಭೋಂಗಾ ಕೂಗುತ್ತದೆ? ಆದರೆ ಇಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಮಗ್ಗದ ಮಾಸ್ತರಾಗಿರುವ ಚನ್ನವೀರಪ್ಪನವರನ್ನು ಹುಬ್ಬಳ್ಳಿಯ ಗಿರಣಿ ಚಾಳು ಇನ್ನೂ ಬಿಟ್ಟಿಲ್ಲ. ಅವರ ಅಜ್ಜ ಅಲ್ಲಿನ ಒಂಟಿ ಕೋಣೆಗೆ ಸಂಸಾರ ತಂದು ನೂರು ವರ್ಷವಾಯಿತು. ಮಗ್ಗಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ ಆ ಮಂದಿ ಮನೆಯಲ್ಲೂ ಚೀರಿಯೇ ಮಾತಾಡುತ್ತಿದ್ದರಂತೆ. ಮೊಮ್ಮಗನೂ ಹಾಗೇ. ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಪಕ್ಕದವನ ಅಂಗಿಯ ತೋಳು ತಿಕ್ಕಿ ನೋಡಿ "ನಲವತ್ತರ ನೂಲು, ಸವಾ, ಅಡ್ಡಿಯಿಲ್ಲ!" ಎಂದು ಇಡೀ ಬಂಡಿಗೆ ಕೇಳುವಂತೆ ಸರ್ಟಿಫಿಕೇಟು ಕೊಡುತ್ತಾರೆ, ಗುಡಿಯಲ್ಲಿ ಪೂಜಾರಿಯ ಶಲ್ಯವನ್ನೂ ಬಿಟ್ಟಿಲ್ಲ. ಮಗಳು ಜಾಹ್ನವಿ "ಪಪ್ಪಾ, ಸ್ಟಾಪ್ ಶೌಟಿಂಗ್" ಅಂದರೆ "ನಾ ಎಲ್ಲಿ ಚೀರೇನಿ?" ಎಂದು ಇನ್ನಷ್ಟು ಚೀರುತ್ತಾರೆ. ಅದಕ್ಕಿಂತ ತಲೆ ಕೆಡಿಸುವುದೆಂದರೆ, ವಸುಂಧರಾ ಬೈಯಲು ಬಾಯಿ ತೆರೆದದ್ದು ಕಂಡರೆ ಸಾಕು, ಕೂತಲ್ಲಿಂದ ಎದ್ದು ಬಂದು ಒಲೆಗೂ ಆಕೆಗೂ ನಡುವೆ ಕಂಬದ ಹಾಗೆ ನಿಂತುಬಿಡುತ್ತಾರೆ. ಮೊನ್ನೆ ಸಂಜೆ ಕರೆಂಟು ಹೋದಾಗ ಆಕೆ ಕತ್ತಲಲ್ಲೇ ಒಂದು ಸುತ್ತು ಬೈದು ಮುಗಿಸಿದಳು. ಚನ್ನವೀರಪ್ಪನವರು ತಡಕಾಡುತ್ತ ಹತ್ತಿರ ಬಂದು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ, "ಒಂದ್ ಮೇಣಬತ್ತಿ ಹಚ್ಚ. ನೀ ಏನ್ ಅನ್ನಾಕತ್ತಿ, ಕಾಣವಲ್ದು" ಅಂದರು. ವಸುಂಧರಾ ಮೇಣಬತ್ತಿ ಹಚ್ಚಿದಳು, ಅದನ್ನು ತನ್ನ ಮುಖದ ಹತ್ತಿರ ಹಿಡಿದಳು, ಬೈಗುಳವನ್ನು ಮೊದಲಿನಿಂದ ಶುರು ಮಾಡಿದಳು.