ನೀಲವ್ವ ಹಾಕಿದ ಸಹಿ

ಕಳೆದ ಗ್ರಾಮ ಪಂಚಾಯ್ತಿ ಚುನಾವಣೆಯ ಹೊತ್ತಿಗೆ ನಾನು ಹಿರೇಕೆರೂರು ತಾಲ್ಲೂಕಿನಲ್ಲಿ ಕಂದಾಯ ನಿರೀಕ್ಷಕ. ನಿವೃತ್ತಿಗೆ ಎರಡು ವರ್ಷ ಬಾಕಿ. ಆ ವಯಸ್ಸಿನ ನೌಕರನಿಗೆ ಯಾವ ತಕರಾರೂ ಮೈಮೇಲೆ ಬರದಿದ್ದರೆ ಸಾಕಾಗಿರುತ್ತದೆ. ನನಗೂ ಹಾಗೇ ಇತ್ತು.

ಒಂದು ಹಳ್ಳಿಯಿಂದ ಅರ್ಜಿ ಬಂತು. ಹತ್ತಿ ಜಿನ್ನಿಂಗ್ ಮಿಲ್ಲಿನ ಕೆಲಸಕ್ಕೆ ಅಸ್ಸಾಮಿನಿಂದ ಬಂದು ಒಂಬತ್ತು ವರ್ಷದಿಂದ ಅಲ್ಲೇ ಇದ್ದ ಹನ್ನೊಂದು ಕುಟುಂಬಗಳ ಮೇಲಿನ ಅರ್ಜಿ. ಅವರು ಪರದೇಶದವರು, ಮೊನ್ನೆ ಬಂದು ಗುಡಿಸಲು ಹಾಕಿದ್ದಾರೆ, ಕೂಡಲೇ ತೆರವು ಮಾಡಿಸಿ ಎಂದಿತ್ತು. ಪಂಚನಾಮೆ ಮಾಡಿ ತನ್ನಿ ಅಂದರು ತಹಶೀಲ್ದಾರರು. ಸ್ಥಳದಲ್ಲಿ ಕಂಡದ್ದನ್ನು ಬರೆದು, ಊರಿನ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವುದೇ ಪಂಚನಾಮೆ. ಒಂಬತ್ತು ವರ್ಷದ ವಾಸಕ್ಕೆ ಅಂದು ಇಬ್ಬರು ಸಾಕ್ಷಿ ಹೇಳದಿದ್ದರೆ ಆ ಗುಡಿಸಲುಗಳು ಉಳಿಯುತ್ತಿರಲಿಲ್ಲ.

ನಾನು ಆ ಹಳ್ಳಿಗೆ ಹೋಗಿ ಗುಡಿಸಲುಗಳ ಮುಂದೆ ಕುಳಿತೆ. ಶಾಲೆಯ ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಂದು, ಆ ಕುಟುಂಬಗಳ ಮಕ್ಕಳ ಹೆಸರು ತೋರಿಸಿ, ಸಹಿ ಹಾಕಿ ಹೋದರು. ಎರಡನೆಯ ಸಹಿಗೆ ಯಾರೂ ಬರಲಿಲ್ಲ. ಎದುರಿನ ಕಟ್ಟೆಯ ಮೇಲೆ ಅರ್ಜಿ ಕೊಟ್ಟವನ ಕಡೆಯ ಹದಿನೈದಿಪ್ಪತ್ತು ಜನ ಕುಳಿತಿದ್ದರು. ನನ್ನ ಹತ್ತಿರ ಯಾರಾದರೂ ಸುಳಿದರೆ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಗುಡಿಸಲುಗಳ ಬಾಗಿಲು ಹಗಲಲ್ಲೇ ಮುಚ್ಚಿದ್ದವು.

ಆಗ ನೀಲವ್ವ ಬಂದಳು. ಗುಡಿಸಲಿನ ಪಕ್ಕದಲ್ಲೇ ಆಕೆಯ ಹಿಟ್ಟಿನ ಗಿರಣಿ. ಆ ವಾರ್ಡಿಗೆ ನಾಮಪತ್ರ ಹಾಕಿದ್ದ ಇಬ್ಬರಲ್ಲಿ ಆಕೆ ಒಬ್ಬಳು, ಅರ್ಜಿ ಕೊಟ್ಟವನು ಇನ್ನೊಬ್ಬ. ಆ ಕುಟುಂಬಗಳು ನಮ್ಮ ಓಣಿಯವೇ ಎಂದು ಆಕೆ ಪ್ರಚಾರದಲ್ಲಿ ಅಂದ ದಿನದಿಂದ ಗಿರಣಿಗೆ ಯಾರೂ ಜೋಳ ತಂದಿರಲಿಲ್ಲ. ಬಾಗಿಲಿಗೆ ಎಂಜಿನ್ ಆಯಿಲ್ ಬಳಿದಿದ್ದರು. ಅಂದು ಬೆಳಿಗ್ಗೆ ತಗಡಿನ ಮೇಲೆ ಕಲ್ಲು ಬಿದ್ದಿತ್ತು.

ಆಕೆ ಪೆನ್ನಿಗೆ ಕೈ ಚಾಚಿದಳು. ಕಟ್ಟೆಯ ಮೇಲೆ ಮೊಬೈಲುಗಳು ಎದ್ದವು. ನಾನು ಕಾಗದವನ್ನು ಹಿಂದಕ್ಕೆ ಎಳೆದುಕೊಂಡೆ.

"ನೀವು ಎಲೆಕ್ಷನ್ನಿಗೆ ನಿಂತವರು. ನಿಮ್ಮ ಸಹಿ ನಡೆಯಂಗಿಲ್ಲವ್ವ."

"ನಿಂತಿಲ್ಲಂದ್ರ ನಡೀತೈತೇನ್ರಿ?"

ಹೌದೆಂದು ತಲೆಯಾಡಿಸಿದೆ. ನಾಮಪತ್ರ ವಾಪಸ್ ಪಡೆಯಲು ಅಂದೇ ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ. ಆಕೆ ಪಂಚಾಯ್ತಿ ಕಚೇರಿಯ ಕಡೆ ನಡೆದಳು. ತಿರುಗಿ ಬರಲಿಕ್ಕಿಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಬರದಿದ್ದರೆ ಒಳ್ಳೆಯದೆಂದೇ ಅನಿಸಿತ್ತು. ಅರ್ಧ ತಾಸಿನಲ್ಲಿ ಬಂದಳು. ವಾಪಸಾತಿಯ ಸ್ವೀಕೃತಿಯನ್ನು ನನ್ನ ಮುಂದಿಟ್ಟು, ದಪ್ಪ ಅಕ್ಷರದಲ್ಲಿ ಸಹಿ ಹಾಕಿದಳು. ಕಟ್ಟೆಯವರು ಅದನ್ನೂ ವಿಡಿಯೋ ಮಾಡಿಕೊಂಡರು.

ಆ ಕುಟುಂಬಗಳು ಉಳಿದವು. ಅರ್ಜಿ ಕೊಟ್ಟವನು ಅವಿರೋಧವಾಗಿ ಆಯ್ಕೆಯಾದ.

ಆಮೇಲೆ ನಿಯಮಗಳ ಪುಸ್ತಕ ತೆಗೆದು ನೋಡಿದೆ. ಅಭ್ಯರ್ಥಿ ಸಾಕ್ಷಿಯಾಗಬಾರದೆಂದು ಎಲ್ಲಿಯೂ ಇರಲಿಲ್ಲ. ಕಟ್ಟೆಯ ಮೇಲಿನವರಿಗೆ ಹೆದರಿ, ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ನಿಯಮವೆಂದು ಹೇಳಿದ್ದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಗಿರಣಿಗೆ ಹೋಗಿ ಎಲ್ಲವನ್ನೂ ಹೇಳಿ ಕೈಮುಗಿದೆ. ಜೋಳ ತರುವವರಿಲ್ಲದೆ ಗಿರಣಿ ಇನ್ನೂ ನಿಂತೇ ಇತ್ತು. ಆಕೆ ಸಿಟ್ಟಾಗಲಿಲ್ಲ.

"ನಂಗೂ ಅನುಮಾನ ಇತ್ರಿ ಸಾಹೇಬ್ರ. ಅಲ್ಲೇ ಜಗಳ ತಗದಿದ್ರ ನೀವು ಫೈಲ್ ಕಟ್ಕೊಂಡು ಹೊಂಟು ಬಿಡ್ತಿದ್ರಿ."

ಹೌದು, ಹೊರಟುಬಿಡುತ್ತಿದ್ದೆ. ಅಧಿಕಾರಿ ಹೆದರಿದರೆ ಅದರ ದಂಡವನ್ನು ಎದುರಿಗೆ ನಿಂತವರು ತೆರುತ್ತಾರೆ. ಮೂವತ್ತು ವರ್ಷದ ನೌಕರಿಯಲ್ಲಿ ಇದನ್ನು ಕಲಿತದ್ದು ಆ ಗಿರಣಿಯಲ್ಲಿ, ಅದೂ ತಡವಾಗಿ. ಹೊಸ ಸದಸ್ಯನ ಮೊದಲ ಅರ್ಜಿ ಆ ತಿಂಗಳೇ ನನ್ನ ಮೇಜಿಗೆ ಬಂತು: ನೀಲವ್ವನ ಗಿರಣಿ ಸರ್ಕಾರಿ ಜಾಗದಲ್ಲಿದೆ, ತೆರವು ಮಾಡಿಸಿ.